ಎರಡನೇ ಟ್ರೊಂಬೋನು

ಗಡ್ಡ ಹೆರೆಯುತ್ತಾ ತಾನು ಶಿಳ್ಳೆ ಹಾಕುತ್ತಿದ್ದೇನೆ ಅನ್ನುವುದು ಅವನಿಗೆ ಗೊತ್ತಾದದ್ದು ಹೆಂಡತಿ ಬಾಗಿಲಾಚೆಯಿಂದ ‘ಭಾವನದಾ?’ ಎಂದು ಕೇಳಿದಾಗ. ಬ್ಲೇಡು ದವಡೆಯ ಹತ್ತಿರ ನಿಂತುಬಿಟ್ಟಿತು. ಹೌದು, ಭಾವನದೇ. ‘ಬಾಗಿಲು ಹಾಕಬೇಡ’ ಹಾಡಿನ ನಡುವೆ ಐದು ಸ್ಯಾಕ್ಸೋಫೋನುಗಳು ತಲೆಗೆ ತಲೆ ಕೊಟ್ಟು ಗೊಣಗುವ ಆ ಭಾಗ. ಸ್ವಂತ ಮನೆ, ಸ್ವಂತ ಕನ್ನಡಿ, ಸ್ವಂತ ಬಾಯಿ. ಒಳಗಿಂದ ಬರೋದು ಮಾತ್ರ ಆ ಮನುಷ್ಯನದು. ಥೂ ಇದರ, ಎಂದುಕೊಂಡು ಬ್ಲೇಡನ್ನು ಒತ್ತಿ ಎಳೆದ, ಗಲ್ಲದ ಕೆಳಗೆ ಕೊಯ್ದುಕೊಂಡ. ‘ಯಾರದೂ ಅಲ್ಲ, ಸುಮ್ಮನೆ’ ಎಂದ. ಆಚೆ ಅವಳು ನಕ್ಕದ್ದು ಕೇಳಿಸಿತು. ಅವಳೇನೂ ಕುಹಕದ ಹೆಂಗಸಲ್ಲ, ನಗು ಬಂತು, ನಕ್ಕಳು, ಅಷ್ಟೆ. ಆದರೆ ಕೆಲವರ ಹೊಟ್ಟೆಯೊಳಗೆ ಒಲೆ ಯಾವಾಗಲೂ ಹೊತ್ತಿಕೊಂಡೇ ಇರುತ್ತದೆ. ಯಾರು ನಕ್ಕರೂ ಅದಕ್ಕೊಂದು ಸೌದೆ. ಗಲ್ಲಕ್ಕೆ ಕಾಗದದ ಚೂರು ಅಂಟಿಸಿಕೊಂಡು ಹೊರಗೆ ಬಂದರೆ ಹಾಸಿಗೆಯ ಮೇಲೆ ಇಸ್ತ್ರಿ ಮಾಡಿದ ನೀಲಿ ಅಂಗಿ ಕಾದಿತ್ತು. ‘ಮದುವೆಗೇನೂ ಹೋಗ್ತಿಲ್ಲ ಕಣೇ’ ಅಂದ. ‘ಹೋಗ್ತಿರೋದು ಅದಕ್ಕಿಂತ ದೊಡ್ಡದಕ್ಕೆ. ರೀ, ನೋಡಿ, ಭಾವನ ಮುಂದೆ ಕೂತ ತಕ್ಷಣ ನಿಮ್ಮ ಬಾಯಿಗೆ ಬೀಗ ಬೀಳುತ್ತೆ. ಇವತ್ತು ಹಾಗೆ ಮಾಡ್ಬೇಡಿ. ನಮ್ಮ ಹಾಡಿಗೆ ನಿಮ್ಮ ಹೆಸರು ಹಾಕಿಸ್ಕೊಂಡೇ ಬನ್ನಿ’ ಅಂದಳು. ಅವನು ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳತೊಡಗಿದ. ಕೊನೆಯ ಗುಂಡಿಯನ್ನು ಅವಳೇ ಹಾಕಿದಳು.

ನಮ್ಮ ಹಾಡು ಅಂದರೆ ‘ಮೆಟ್ಟಿಲ ಮೇಲೆ ಗದ್ದಲ’. ಹಾಡು ಯಾರೋ ಕಟ್ಟಿದ್ದು, ಬೀದಿಯಲ್ಲಿ ಹೋಗೋರೂ ಗುನುಗುವಂಥದ್ದು. ಅದನ್ನು ಹದಿನೇಳು ಜನರ ಬ್ಯಾಂಡಿಗೆ ಹಂಚಿಕೊಡುವವನು ಅರೇಂಜರು. ಯಾರು ಯಾವಾಗ ಊದಬೇಕು, ಯಾರು ಯಾರ ಹಿಂದೆ ನಿಲ್ಲಬೇಕು, ಯಾರು ಬಾಯ್ಮುಚ್ಚಿಕೊಂಡು ಕೂತಿರಬೇಕು ಅನ್ನೋದನ್ನೆಲ್ಲ ಬರೆದಿಡುವವನು. ಭಾವ ಅರೇಂಜರು. ಅವನು ಭಾವನ ಬ್ಯಾಂಡಿನಲ್ಲಿ ಎರಡನೇ ಟ್ರೊಂಬೋನು, ಉದ್ದನೆಯ ಹಿತ್ತಾಳೆ ಕೊಳವೆಯನ್ನು ಹಿಂದೆ ಮುಂದೆ ಎಳೆದು ಊದುವವನು, ಅಂದರೆ ಬಹುಪಾಲು ಬಾಯ್ಮುಚ್ಚಿಕೊಂಡು ಕೂತಿರುವವನು. ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ, ಅದಕ್ಕೇ ಪೆನ್ಸಿಲ್ ಅಂತ ಹೆಸರಿಟ್ಟದ್ದೂ ಭಾವನೇ. ಅಪ್ಪ ಅಮ್ಮ ಇಟ್ಟ ಹೆಸರು ಮರೆತೇ ಹೋಗುವಷ್ಟು ಅದು ಅಂಟಿಕೊಂಡಿತು. ಅಕ್ಕ ಕೂಡ ಮದುವೆಯಾದ ಮೇಲೆ ಗಂಡನ ಬಾಯಿಂದ ಕಲಿತು, ಒಡಹುಟ್ಟಿದ ತಮ್ಮನನ್ನ ‘ಲೋ ಪೆನ್ಸಿಲ್’ ಅಂತ ಕರೆಯತೊಡಗಿದಳು. ಅಕ್ಕನನ್ನು ಭಾವನಿಗೆ ಪರಿಚಯ ಮಾಡಿಸಿದ್ದು ಯಾರು? ಇವನೇ. ತಾಲೀಮಿಗೆ ಊಟ ತಂದಿದ್ದಳು, ಎರಡು ಮಾತು ಆಡಿಸಿದ, ಮುಗೀತು. ಒಳ್ಳೇ ಮನುಷ್ಯನ ಕೈಗೆ ಅಕ್ಕನನ್ನ ಕೊಟ್ಟೆವು ಅಂತ ಮನೆಯವರೆಲ್ಲ ಹಿಗ್ಗಿದರು. ಭಾವ ಒಳ್ಳೆಯ ಮನುಷ್ಯ ಅನ್ನೋದೇ ದೊಡ್ಡ ಪೀಕಲಾಟ. ಸ್ವಲ್ಪ ಕೆಟ್ಟವನಾಗಿದ್ದಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅಕ್ಕನ ಮಗಳು ಫೋನಿನಲ್ಲಿ ಹೇಳಿದ್ದನ್ನು ಮತ್ತೆ ಮತ್ತೆ ಮೆಲುಕು ಹಾಕಿದ. ‘ಮಾವ, ಅಪ್ಪ ಸ್ಟುಡಿಯೋದಲ್ಲಿ ಮಾಡಿದ ಬಿಗ್ ಬ್ಯಾಂಡ್ ರೆಕಾರ್ಡಿಂಗ್ ಎಲ್ಲಾ ಒಟ್ಟಿಗೆ ತರ್ತಿದ್ದೀವಿ. ಸಮಗ್ರ ಸಂಪುಟ.’ ಸಮಗ್ರ ಅನ್ನೋದು ಸತ್ತವರಿಗೆ ಮೀಸಲು ಅಂತ ಅವನು ತಿಳಿದಿದ್ದ. ಭಾವ ಬದುಕಿರುವಾಗಲೇ ಸಮಗ್ರನಾಗಿಬಿಟ್ಟ. ಅವಳು ಮುಂದುವರಿಸಿದ್ದಳು: ‘ಒಂದು ಹಾಡು ನೀವು ಬರೆದಿದ್ದಂತೆ, ಅಪ್ಪ ಹೇಳ್ತಾರೆ. ಕೈ ತುಂಬಾ ಕೆಲಸ ಇದ್ದಾಗ ನಿಮ್ಮ ಹತ್ರ ಬರೆಸ್ತಿದ್ರಂತೆ. ಮಿಕ್ಕಿದ್ದೆಲ್ಲ ಆ ಹಳೇ ಸ್ಟುಡಿಯೋ ಖಾಲಿ ಮಾಡೋವಾಗ ಹೋಯ್ತು, ಉಳಿದಿರೋದ್ರಲ್ಲಿ ಒಂದು ಮಾತ್ರ ನಿಮ್ಮದು ಅನ್ನೋದು ಅಪ್ಪನಿಗೆ ಗಟ್ಟಿಯಾಗಿ ನೆನಪಿದೆ. ಯಾವುದು ಅನ್ನೋದು ನೆನಪಿಲ್ಲ. ಆಸ್ಪತ್ರೆಯಿಂದ ಬಂದ್ಮೇಲೆ ತಲೆಯಲ್ಲಿ ಅಲ್ಲಲ್ಲಿ ಅಳಿಸಿಹೋಗಿದೆ ಮಾವ. ಕಿವಿ ಮಾತ್ರ ಮೊದಲಿನ ಹಾಗೇ. ನೀವೇ ಬಂದು ಕೇಳಿ ಹೇಳ್ಬಿಡಿ, ನಿಮ್ಮ ಹೆಸರು ಹಾಕ್ತೀವಿ.’ ಫೋನಿಟ್ಟ ಮೇಲೆ ಅವನು ತುಂಬಾ ಹೊತ್ತು ಅಡುಗೆಮನೆಯ ಮೇಜಿನ ಹತ್ತಿರ ನಿಂತಿದ್ದ. ಆ ಮೇಜಿನ ಮೇಲೇ ‘ಮೆಟ್ಟಿಲ ಮೇಲೆ ಗದ್ದಲ’ವನ್ನು ಬರೆದದ್ದು. ‘ನಾನು ಬರೆದ ಹಾಗೇ ಬರಿ ಮಾರಾಯ, ರೆಕಾರ್ಡ್ ಕಂಪನಿಯವರಿಗೆ ವ್ಯತ್ಯಾಸ ಗೊತ್ತಾಗಬಾರದು’ ಎಂದು ಭಾವ ಹಾಡು ಕೊಟ್ಟು ಹೋಗಿದ್ದರು. ಹಾಗೇ ಬರೆದ, ಭಾವನ ಟ್ರಂಪೆಟ್ಟು, ಭಾವನ ಸ್ಯಾಕ್ಸೋಫೋನು, ಭಾವನ ಡ್ರಮ್ಮು. ಆದರೆ ಮಧ್ಯದಲ್ಲಿ ತಡೆಯಲಾಗಲಿಲ್ಲ. ನಾಲ್ಕು ಟ್ರೊಂಬೋನುಗಳನ್ನು ಬೇರೆ ಯಾರ ಆಸರೆಯೂ ಇಲ್ಲದೆ ಎಬ್ಬಿಸಿ ನಿಲ್ಲಿಸಿದ. ಜನ್ಮವಿಡೀ ಯಾರದೋ ಬೆನ್ನ ಹಿಂದೆ ಊದಿದವರು ಒಂದೇ ಸಲಕ್ಕೆ ಮೆಟ್ಟಿಲಿಳಿದು ನಡುಮನೆಗೆ ನುಗ್ಗಿದರು. ಹೆಂಡತಿ ಬಟ್ಟೆ ಮಡಚುತ್ತಾ ಅವನು ಮೇಜು ಬಡಿದು ಹಾಡಿ ತೋರಿಸಿದ್ದನ್ನು ಕೇಳಿ, ‘ಇದು ನೀವೇ’ ಅಂದಿದ್ದಳು. ರೆಕಾರ್ಡಿಂಗ್ ಆದ ದಿನ ಭಾವ ಬೆನ್ನು ತಟ್ಟಿ ‘ಚೆನ್ನಾಗಿದೆ’ ಅಂದರು. ಚೆನ್ನಾಗಿದೆ! ಟೀ ಕುಡಿದರೂ ಹಾಗೇ ಅನ್ನುವ ಮನುಷ್ಯ. ಕಂಡಕ್ಟರು ಬಂದು ಟಿಕೆಟ್ ಕೇಳಿದಾಗ ಅವನು ಇಳಿಯುವ ನಿಲ್ದಾಣದ ಹೆಸರು ತಪ್ಪು ಹೇಳಿದ, ಆಮೇಲೆ ತಿದ್ದಿಕೊಂಡ.

ಸ್ಟುಡಿಯೋ ಒಂದು ಔಷಧಿ ಗೋದಾಮಿನ ಹಿಂದೆ, ನೆಲಮಾಳಿಗೆಯಲ್ಲಿ. ಗೋಡೆಗೆಲ್ಲ ಬೂದುಬಣ್ಣದ ದಪ್ಪ ಬಟ್ಟೆ, ಮಾತಾಡಿದರೆ ಮಾತು ಬಾಯಿಯ ಹತ್ತಿರವೇ ಬಿದ್ದುಹೋಗುತ್ತದೆ. ಮೇಜಿನ ತುಂಬ ಟೇಪಿನ ಡಬ್ಬಿಗಳು. ಧ್ವನಿ ಕೆಲಸದ ಮೇಡಂ, ಐವತ್ತು ದಾಟಿದ ಗಟ್ಟಿ ಹೆಂಗಸು, ತಲೆಯೆತ್ತದೆ ನಮಸ್ಕಾರ ಅಂದರು. ಭಾವ ಒಳ್ಳೇ ಕುರ್ಚಿಯಲ್ಲಿ ಕೂತಿದ್ದರು. ಕೆಟ್ಟ ಕುರ್ಚಿಯಲ್ಲಿ ಅವರನ್ನು ಅವನು ಎಂದೂ ನೋಡಿದವನಲ್ಲ. ಇಳಿದುಹೋಗಿದ್ದರು, ಒಂದು ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನು ಕಂಡಾಗ ಎದೆ ಧಸಕ್ಕೆಂದಿತು, ಅದರ ಬೆನ್ನಿಗೇ ಸಣ್ಣಗೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ‘ಬಂದೆಯಾ ಪೆನ್ಸಿಲ್! ಬಾರೋ, ಬಾ’ ಎಂದು ಭಾವ ಎದ್ದು ನಿಲ್ಲಲು ಹೋದರು. ‘ಕೂತ್ಕೊಳ್ಳಿ ಭಾವ, ನಾನೇನು ಮಂತ್ರೀನಾ?’ ಅಂದ. ಎಲ್ಲರೂ ನಕ್ಕರು. ಅಕ್ಕನ ಮಗಳು ಗಲ್ಲದ ಕಾಗದದ ಚೂರನ್ನು ಕಿತ್ತು ತೆಗೆದು, ‘ಮಾವ, ಇನ್ನೂ ಗಡ್ಡ ಮಾಡ್ಕೊಳ್ಳೋಕೆ ಬರಲ್ವಾ?’ ಎಂದಳು. ಕಾಗದ ಅಂಟಿಸಿಕೊಂಡೇ ಇಡೀ ಬಸ್ಸಿನಲ್ಲಿ, ಇಡೀ ರಸ್ತೆಯಲ್ಲಿ ಬಂದಿದ್ದ ಅನ್ನೋದು ಆಗ ಹೊಳೆಯಿತು. ಕಂಡಕ್ಟರು ಅದನ್ನೇ ನೋಡುತ್ತಿದ್ದನೇನೋ. ನೀಲಿ ಅಂಗಿಯ ಕಾಲರಿನ ಮೇಲೆ ರಕ್ತದ ಚುಕ್ಕೆಯೂ ಇತ್ತು. ಅಕ್ಕನ ಮಗಳು ಅವನಿಗೊಂದು ಮಡಚುವ ಕುರ್ಚಿ ಹಾಕಿದಳು.

‘ಹೆಚ್ಚು ಉಳಿದಿಲ್ಲ ಮಾವ’ ಎಂದು ಅವಳು ವಿವರಿಸಿದಳು. ‘ಮೊದಲ ಡಿಸ್ಕುಗಳೆಲ್ಲ ಆಗಿವೆ, ಅವೆಲ್ಲ ಅಪ್ಪನದೇ ಅಂತ ಖಾತ್ರಿ ಇದೆ. ಕೊನೇದಕ್ಕೆ ಇವಿಷ್ಟು. ಇದರಲ್ಲೇ ನಿಮ್ಮದೊಂದು ಇರೋದು. ಅದೂ ಅಲ್ಲದೆ ಜಾಗ ಸಾಲ್ತಿಲ್ಲ, ಒಂದನ್ನ ಬಿಡಬೇಕು. ಯಾವುದು ಬಿಡೋದು ಅಂತ ನೀವಿಬ್ಬರೂ ಕೂತು ಹೇಳಿ.’ ಅವಳ ಕೈಯಲ್ಲಿ ಪೆನ್ನು. ಅವನ ಮನಸ್ಸಿನಲ್ಲಿ ಯಾವ ಗೊಂದಲವೂ ಇರಲಿಲ್ಲ. ‘ಮೆಟ್ಟಿಲ ಮೇಲೆ ಗದ್ದಲ’ ಬಂದ ಕೂಡಲೇ ಕೈಯೆತ್ತಿ, ಇದು ನಂದು, ಅನ್ನಬೇಕು. ಬಸ್ಸಿನಲ್ಲಿ ಅದನ್ನು ತಾಲೀಮು ಕೂಡ ಮಾಡಿಕೊಂಡಿದ್ದ. ಜೋರಾಗಿಯೂ ಅಲ್ಲ, ಅಂಜಿಯೂ ಅಲ್ಲ, ಪೇಟೆಯಲ್ಲಿ ತನ್ನ ಚೀಲ ತೋರಿಸಿ ಹೇಳಿದ ಹಾಗೆ. ಮೇಡಂ ಟೇಪು ಸಿಕ್ಕಿಸಿದರು. ಮೊದಲನೆಯದು ಬಂತು, ಎರಡನೆಯದು ಬಂತು. ಭಾವ ಕಣ್ಣುಮುಚ್ಚಿ ಬೆರಳಲ್ಲಿ ತಾಳ ಹಾಕುತ್ತಾ, ‘ನಂದು’ ಅಂದರು, ‘ಇದೂ ನಂದೇ, ಈ ಟ್ರಂಪೆಟ್ಟಿನ ಹಟ ನಂದೇ’ ಅಂದರು. ಸಂತೆಯಲ್ಲಿ ಕೋಳಿಮರಿ ಆರಿಸುವವರ ಹಾಗೆ ಸಲೀಸಾಗಿ ಅನ್ನುತ್ತಿದ್ದರು.

ಆಮೇಲೆ ‘ಬಾಗಿಲು ಹಾಕಬೇಡ’ ಬಂತು. ಅವನು ಕಾಲಿನ ಮೇಲೆ ಕಾಲು ಹಾಕಿಕೊಂಡ. ಪಿಯಾನೋ ಎರಡು ಮಾತಾಡಿ ಸುಮ್ಮನಾಯಿತು, ಸ್ಯಾಕ್ಸೋಫೋನುಗಳು ಶುರು ಮಾಡಿದವು. ವರ್ಷಗಟ್ಟಲೆ ಇದನ್ನು ಸವೆದ ರೆಕಾರ್ಡಿನ ಗೊರಗೊರದಲ್ಲಿ ಕೇಳಿದ್ದ. ಮೂಲ ಟೇಪಿನಲ್ಲಿ ಊದುವವರ ಉಸಿರು ಕೂಡ ಇತ್ತು, ಯಾರದೋ ಕುರ್ಚಿ ಕಿರುಗುಟ್ಟಿದ್ದೂ ಇತ್ತು. ಭಾವ ಅದನ್ನು ಬರೆದಾಗ ಅವನು ಪಕ್ಕದಲ್ಲೇ ಇದ್ದ. ಊರಿಂದೂರಿಗೆ ಹೋಗುವ ವ್ಯಾನು, ಹಿಂದಿನ ಸೀಟು, ಎಲ್ಲರೂ ಬಾಯಿ ತೆರೆದು ನಿದ್ದೆ. ‘ಪೆನ್ಸಿಲ್ ಕೊಡೋ’ ಅಂದರು ಭಾವ. ಅವನ ಟ್ರೊಂಬೋನಿನ ಪೆಟ್ಟಿಗೆಯನ್ನೇ ತೊಡೆಯ ಮೇಲೆ ಎಳೆದುಕೊಂಡು, ಅದರ ಮೇಲೆ ಕಾಗದ ಇಟ್ಟು, ವ್ಯಾನಿನ ಕುಲುಕಾಟದಲ್ಲೇ ಬರೆಯುತ್ತಾ ಹೋದರು. ಬರೆಯುತ್ತಾ ಗುನುಗಿದರು. ಒಂದು ಕಡೆಯೂ ಅಳಿಸಲಿಲ್ಲ. ಅವನು ಓರೆಗಣ್ಣಲ್ಲಿ ನೋಡುತ್ತಿದ್ದ. ಸ್ವರಗಳು ಇಷ್ಟು ಸುಲಭವಾಗಿ ಬರುತ್ತವೆಯೇ ಯಾರಿಗಾದರೂ, ತಾನು ಒಂದೊಂದಕ್ಕೂ ರಬ್ಬರು ಸವೆಸುತ್ತೇನಲ್ಲ? ವ್ಯಾನು ನಿಲ್ಲಿಸಿ ಅಂತ ಕೂಗಿ, ಇಳಿದು ರಸ್ತೆಬದಿಯಲ್ಲಿ ಕಾರಿಕೊಂಡಿದ್ದ. ವ್ಯಾನಿನ ಪ್ರಯಾಣ ಒಗ್ಗಲ್ಲ ಪಾಪ, ಎಂದು ಭಾವನೇ ನೀರು ಹಿಡಿದು ನಿಂತಿದ್ದರು. ರೆಕಾರ್ಡಿಂಗಿನ ದಿನ ಅವನ ಪಾಲಿಗೆ ಇಡೀ ಹಾಡಿನಲ್ಲಿ ಬಂದದ್ದು ಕೊನೆಯಲ್ಲಿ ಒಂದು ಉದ್ದನೆಯ ತಗ್ಗು ಸ್ವರ. ಅದನ್ನೂ ಭಾವ ನಡುವೆ ಬ್ಯಾಂಡು ನಿಲ್ಲಿಸಿ, ‘ಪೆನ್ಸಿಲ್, ಇನ್ನೂ ಮೆತ್ತಗೆ. ನೀನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಊದು’ ಅಂದರು. ಹದಿನಾರು ಜನ ಗೊಳ್ಳೆಂದರು. ಈಗ ಟೇಪಿನಲ್ಲಿ ಆ ಸ್ವರ ಬಂತು, ತುಟಿ ತಾನಾಗಿ ಬಿಗಿಯಿತು. ನಿಜವಾಗಿಯೂ ಅವನು ಅಲ್ಲಿ ಇರಲಿಲ್ಲ, ಅಷ್ಟು ಚೆನ್ನಾಗಿ ಊದಿದ್ದ.

ಟೇಪು ನಿಂತಿತು. ಬೆಳಗಿನಿಂದ ತಲೆಯೆತ್ತದ ಮೇಡಂ ಕಿವಿಯ ಹೆಡ್‌ಫೋನು ತೆಗೆದು ಕುತ್ತಿಗೆಗೆ ಹಾಕಿಕೊಂಡು, ಮೂಗು ಒರೆಸಿಕೊಂಡು, ‘ಅಲ್ಲ, ಇದನ್ನ ಬರೆದವರು ಯಾರು?’ ಅಂದರು. ಭಾವ ಬಾಯಿ ತೆರೆದರು. ನಂದು ಅನ್ನುತ್ತಾರೆ ಅಂತ ಅವನು ಕಾದ. ಭಾವನ ಹಣೆಯ ಮೇಲೆ ಗೆರೆ ಮೂಡಿತು, ಕಣ್ಣು ಏನನ್ನೋ ತಡಕಾಡಿತು, ಕತ್ತಲಲ್ಲಿ ಚಪ್ಪಲಿ ಹುಡುಕುವ ಕಾಲಿನ ಹಾಗೆ. ಏನೂ ಸಿಗಲಿಲ್ಲ. ಮೆಲ್ಲಗೆ ಇವನ ಕಡೆ ತಿರುಗಿ, ಮಗುವಿನ ಹಾಗೆ ನಂಬಿಕೆಯಿಂದ, ‘ನಿಂದೇನೋ ಇದು?’ ಎಂದು ಕೇಳಿದರು. ಅಯ್ಯೋ, ಅಲ್ಲ ಭಾವ, ನಿಮ್ಮದೇ, ವ್ಯಾನಿನಲ್ಲಿ ಬರೆದಿರಲ್ಲ: ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಮೇಡಂ ಅವನನ್ನೇ ನೋಡುತ್ತಿದ್ದರು. ಯಾರೂ ಯಾವತ್ತೂ ಅವನನ್ನು ಹಾಗೆ ನೋಡಿರಲಿಲ್ಲ; ನೋಡುತ್ತಿದ್ದದ್ದು ಯಾವಾಗಲೂ ಅವನ ಮುಂದಿನ ಸಾಲನ್ನು. ಪೆನ್ಸಿಲು ನಂದೇ ತಾನೇ, ಪೆಟ್ಟಿಗೆಯೂ ನಂದೇ ತಾನೇ, ಅನ್ನುವ ಒಂದು ಹುಚ್ಚು ವಾದ ತಲೆಯಲ್ಲಿ ಹಾದುಹೋಯಿತು. ‘ಹೂಂ’ ಅಂದ.

ಅಷ್ಟೇ, ಒಂದು ಹೂಂ. ಅಕ್ಕನ ಮಗಳು ‘ಮಾವಾ!’ ಎಂದು ಓಡಿಬಂದು ಎರಡೂ ಕೈ ಹಿಡಿದುಕೊಂಡಳು. ‘ಇಷ್ಟು ವರ್ಷ ಬಾಯೇ ಬಿಡಲಿಲ್ವಲ್ಲ ನೀವು! ಎಂಥಾ ಮನುಷ್ಯರಪ್ಪಾ!’ ಅವಳ ಕಣ್ಣಲ್ಲಿ ನೀರಿತ್ತು. ಕೂತಲ್ಲಿಗೆ ಹೋಗಿ ಬರೆದುಕೊಂಡಳು, ಅಪ್ಪ ಅಮ್ಮ ಇಟ್ಟ ಹೆಸರನ್ನೇ ಕೇಳಿ ಪೂರ್ತಿ ಬರೆದುಕೊಂಡಳು. ಭಾವ ಮಾತ್ರ ನಿಂತ ಟೇಪನ್ನೇ ನೋಡುತ್ತಿದ್ದರು. ನೆನಪಾಯಿತೇ? ‘ನೋಡೋ’ ಎಂದರು ಭಾವ ನಿಧಾನಕ್ಕೆ, ‘ಇದನ್ನ ಕೇಳಿದಾಗೆಲ್ಲ ನಂಗೆ ಒಳಗೊಳಗೇ ಅನ್ನಿಸ್ತಿತ್ತು, ಇಷ್ಟು ತಾಳ್ಮೆ ನನಗೆಲ್ಲಿಂದ ಬಂತು ಅಂತ. ನಾನು ದುಡುಕಿನೋನು. ಜನ ಹೊಗಳೋರು, ನಾನು ಹಲ್ಲು ಕಿಸಿಯೋನು. ಇವತ್ತು ಗೊತ್ತಾಯ್ತು ಬಿಡು. ಹೇಳ್ಲಾ ಒಂದು ಮಾತು? ಹೊಟ್ಟೆಕಿಚ್ಚಾಗ್ತಿದೆ ಕಣೋ ನಿನ್ನ ಮೇಲೆ.’ ಹಾಗಂದು ಭಾವ ನಕ್ಕರು. ಎಷ್ಟು ಹಗುರಾಗಿ, ಎಷ್ಟು ತೆರೆದ ಬಾಯಲ್ಲಿ ಅಂದರಪ್ಪಾ ಆ ಮಾತನ್ನ! ಅವನು ಜೀವಮಾನವಿಡೀ ಹಲ್ಲು ಕಚ್ಚಿ ಒಳಗಿಟ್ಟುಕೊಂಡದ್ದನ್ನು ಆ ಮನುಷ್ಯ ಎಲೆಯಡಿಕೆ ಉಗುಳಿದ ಹಾಗೆ ಹೊರಗೆ ಹಾಕಿಬಿಟ್ಟರು. ಅಲ್ಲೂ ಗೆದ್ದರು. ಆದರೂ ಸಿಹಿಯಾಗಿತ್ತು, ಸುಳ್ಳು ಹೇಳಬಾರದು, ಗಂಟಲಿನವರೆಗೂ ಸಿಹಿಯಾಗಿತ್ತು. ಮೇಡಂ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಮೊದಲನೇ ಲೋಟವನ್ನು ಅವನಿಗೇ ಕೊಟ್ಟರು. ಅವನು ಕುರ್ಚಿಗೆ ಒರಗಿ ಕೂತು ಕುಡಿದ, ಸಕ್ಕರೆ ಸ್ವಲ್ಪ ಕಡಿಮೆಯಿತ್ತು.

ಲೋಟ ಇನ್ನೂ ಕೈಯಲ್ಲಿರುವಾಗ ‘ಮೆಟ್ಟಿಲ ಮೇಲೆ ಗದ್ದಲ’ ಶುರುವಾಯಿತು. ಡ್ರಮ್ಮಿನ ಮೊದಲ ಏಟಿಗೇ ಅವನಿಗೆ ಗೊತ್ತಾಯಿತು, ತಾನೇನು ಮಾಡಿಕೊಂಡೆ ಅನ್ನೋದು. ಇಷ್ಟು ಹೊತ್ತು ಇದು ಬರುತ್ತದೆ ಅನ್ನೋದನ್ನೇ ಮರೆತವನ ಹಾಗೆ ಕೂತಿದ್ದನಲ್ಲ! ಒಂದು ಮಾತ್ರ ಅವನದು, ಅದು ಗಟ್ಟಿ ನೆನಪು; ಆ ಒಂದನ್ನು ಅವನು ಆಗಲೇ ಹೇಳಿಯಾಗಿದೆ. ಟ್ರಂಪೆಟ್ಟುಗಳು ಬಂದು ಹೋದವು. ಈಗ, ಈಗ. ನಾಲ್ಕು ಟ್ರೊಂಬೋನುಗಳು ಎದ್ದವು. ಎರಡನೆಯದು ತಾನು, ಇಪ್ಪತ್ತೊಂಬತ್ತರ ಹುಡುಗ, ತುಟಿ ಊದಿಕೊಳ್ಳುವಷ್ಟು ಊದುತ್ತಿದ್ದ, ಇದ್ದೇನೆ, ಇದ್ದೇನೆ ಅನ್ನುತ್ತಿದ್ದ. ಅಕ್ಕನ ಮಗಳು ತಲೆದೂಗುತ್ತಾ, ‘ಈ ಟ್ರೊಂಬೋನು ಚೆನ್ನಾಗಿದೆಯಲ್ಲಪ್ಪ?’ ಎಂದಳು. ಭಾವ ಮುಖ ಸಿಂಡರಿಸಿ ಕೇಳುತ್ತಿದ್ದರು. ಮುಗಿದ ಮೇಲೆ, ‘ಇಲ್ಲಮ್ಮ, ಭಾರ’ ಅಂದರು. ‘ನನ್ನದೇ ಅಲ್ವಾ, ನಾನೇ ಹೇಳ್ತೀನಿ. ಟ್ರಂಪೆಟ್ಟೆಲ್ಲ ಸರಿಯಾಗಿದೆ. ಮಧ್ಯದಲ್ಲಿ ಈ ಗಲಾಟೆ ಯಾಕೆ ಬೇಕಿತ್ತು? ಪೆನ್ಸಿಲ್ ಆ ಹಾಡು ಬರೆದದ್ದು ನೋಡಿ ನಾನೂ ಅವನ ಹಾಗೆ ಏನೋ ಮಾಡ್ತೀನಿ ಅಂತ ಹೊರಟು ಎಡವಿದ್ದೀನಿ. ಕಾಣ್ಸುತ್ತೆ ಅದು. ಬೇರೆಯವರ ಹಾಗೆ ಬರೆಯೋಕೆ ಹೋಗಬಾರದು ನೋಡು.’ ಅವನ ಕಡೆ ತಿರುಗಿದರು. ‘ಹೇಗೂ ಒಂದು ಬಿಡ್ಬೇಕಲ್ಲ. ಇದನ್ನ ಬಿಡೋಣ ಅಂತೀನಿ. ನೀನೇನಂತೀಯ? ನೀನು ಬೇಡ ಅಂದ್ರೆ ಬೇಡ, ಇರ್ಲಿ ಅಂದ್ರೆ ಇರ್ಲಿ. ನಿನ್ನ ಕಿವಿ ಮೇಲೆ ನಂಗೆ ನಂಬಿಕೆ.’

ಅಕ್ಕನ ಮಗಳು ಪೆನ್ನು ಹಿಡಿದು ಕಾದಿದ್ದಳು. ಇರಲಿ ಅನ್ನಬಹುದಿತ್ತು. ಯಾಕೆ ಅಂತ ಕೇಳಿದರೆ? ಇದು ನಂದು ಭಾವ, ಅದು ನಿಮ್ಮದು, ಬಾಯಿ ಜಾರಿತು, ಅನ್ನಬಹುದಿತ್ತು. ಎಲ್ಲರೂ ನಕ್ಕುಬಿಡುತ್ತಿದ್ದರು, ಭಾವನೇ ಮೊದಲು ನಗುತ್ತಿದ್ದರು. ಪೆನ್ನಿನಿಂದ ಒಂದು ಗೆರೆ ಎಳೆದರೆ ಮುಗಿಯಿತು. ಮೇಡಂ ಮಾತ್ರ ಮತ್ತೆ ತಲೆ ತಗ್ಗಿಸಿ ಕೆಲಸ ನೋಡಿಕೊಳ್ಳುತ್ತಿದ್ದರು. ಅದೂ ಬೇಡವೆಂದರೆ, ಇರಲಿ ಬಿಡಿ ಭಾವ, ಚೆನ್ನಾಗಿದೆ, ಅಂತ ಸುಮ್ಮನೆ ಅಂದರೂ ಆಗುತ್ತಿತ್ತು, ಬೇರೆಯವನ ಹಾಡನ್ನು ಉಳಿಸಿಕೊಟ್ಟ ದೊಡ್ಡ ಮನುಷ್ಯನ ಹಾಗೆ. ಆದರೆ ಸಂಪುಟ ಹೊರಬಂದ ಮೇಲೆ ಆ ನಾಲ್ಕು ಟ್ರೊಂಬೋನುಗಳು ಭಾವನ ಹೆಸರಿನಲ್ಲಿ ಎದ್ದು ನಿಲ್ಲುತ್ತವೆ. ಯಾರೋ ಎಲ್ಲೋ ಕೇಳಿ, ಆಹಾ, ಏನು ಬರೆದಿದ್ದಾನಪ್ಪಾ, ಅನ್ನುತ್ತಾರೆ. ಆ ಆಹಾ ಭಾವನಿಗೆ ಹೋಗುತ್ತದೆ. ಅಡುಗೆಮನೆಯ ಮೇಜು, ಸವೆದ ರಬ್ಬರು, ಬಟ್ಟೆ ಮಡಚುತ್ತಾ ಕೂತಿದ್ದ ಹೆಂಡತಿ, ಎಲ್ಲವೂ ಆ ಮನುಷ್ಯನ ಲೆಕ್ಕಕ್ಕೆ. ಅದನ್ನು ಯೋಚಿಸಿದ್ದೇ ತಡ, ಹೊಟ್ಟೆಯೊಳಗೆ ಹಳೆಯ ಜಾಗದಲ್ಲೇ ಹಳೆಯದು ಭುಗಿಲ್ಲೆಂದಿತು. ತನ್ನ ಹಾಡಿನ ಮೇಲೇ ಅವನಿಗೆ ಹೊಟ್ಟೆಕಿಚ್ಚಾಯಿತು, ಅದು ಭಾವನದು ಅನ್ನೋ ಕಾರಣಕ್ಕೆ.

‘ಬಿಟ್ಟುಬಿಡಿ ಭಾವ’ ಅಂದ. ಲೋಟ ಕೆಳಗಿಟ್ಟು ಮತ್ತೊಮ್ಮೆ ಅಂದ, ‘ಭಾರವಾಗಿದೆ. ಬಿಟ್ಟುಬಿಡಿ.’

ಅಕ್ಕನ ಮಗಳು ಗುರುತು ಹಾಕಿಕೊಂಡಳು. ಮೇಡಂ ಟೇಪನ್ನು ಹಿಂದಕ್ಕೆ ಸುತ್ತಿ, ಕಳಚಿ, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಅವನ ಮುಖ ಹೇಗಾಗಿತ್ತೋ ಏನೋ, ಭಾವ ತಮ್ಮ ಆಡುವ ಕೈಯನ್ನು ಚಾಚಿ ಅವನ ಮೊಣಕಾಲಿನ ಮೇಲೆ ಇಟ್ಟರು.

‘ಲೋ, ಅದಕ್ಕೆ ನೀನ್ಯಾಕೆ ಬೇಜಾರು ಮಾಡ್ಕೋತೀಯ?’ ಅಂದರು. ‘ಹೋಗಿದ್ದು ನಂದು ತಾನೇ.’